ಲೂಸರ್ನ್ ಎಂದರೆ ಹುಲ್ಲು

ಲೂಸರ್ನ್ ಎಂಬ ಊರನ್ನು ನಾನು ನೋಡಿಲ್ಲ. ಪುಕ್ಕಟೆ ಟಿಕೆಟ್ಟು ಕೈಗಿಟ್ಟರೂ ನೋಡಲಾರೆ. ಸ್ವಿಟ್ಜರ್ಲೆಂಡಿಗೆ ಹೋಗಿಬಂದ ನನ್ನ ಓರಗಿತ್ತಿ ಒಮ್ಮೆ ಆಲ್ಬಮ್ ತೆರೆದು ಸರೋವರ, ಮರದ ಸೇತುವೆ, ಹಿಮದ ಗುಡ್ಡ ಎಂದು ಒಂದೊಂದೇ ಫೋಟೋ ತೋರಿಸತೊಡಗಿದಾಗ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದುಹೋದೆ. ನನಗೆ ಹೊಟ್ಟೆಕಿಚ್ಚು ಎಂದುಕೊಂಡಿರಬೇಕು ಆಕೆ. ಅಂದುಕೊಳ್ಳಲಿ. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಂಡರೆ ಈಗಲೂ ನಾನು ಪುಟ ಮಗುಚಿಬಿಡುತ್ತೇನೆ. ಮೊದಲ ಅಕ್ಷರ ದೊಡ್ಡದಾಗಿದ್ದರೆ ಅದು ಕೆರೆದಂಡೆಯ ಒಂದು ಊರು, ಚಿಕ್ಕದಾಗಿದ್ದರೆ ದನಕ್ಕೆ ಹಾಕುವ ಹುಲ್ಲು. ಇಷ್ಟೇ ವ್ಯತ್ಯಾಸ. ಹನ್ನೆರಡನೆಯ ವಯಸ್ಸಿಗೇ ನನಗೆ ಈ ವ್ಯತ್ಯಾಸ ಗೊತ್ತಾಗಿತ್ತು, ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಇದನ್ನು ಹೇಳಬೇಕೆಂದರೆ ಪವಾಯಿಯ ನಮ್ಮ ಮನೆಯಿಂದಲೇ ಶುರುಮಾಡಬೇಕು.

ಈಗಿನ ಪವಾಯಿಯನ್ನು ತಲೆಯಿಂದ ತೆಗೆದುಹಾಕಿ. ಗಾಜಿನ ಆಫೀಸುಗಳೂ ಮುಗಿಲೆತ್ತರದ ಬಿಲ್ಡಿಂಗುಗಳೂ ಆಗ ಇರಲಿಲ್ಲ. ಕೆರೆ ಇತ್ತು, ಕೆರೆಯ ತುಂಬ ಅಂತರಗಂಗೆ ಬೆಳೆದಿತ್ತು, ಆಚೆ ಗುಡ್ಡ ಸಿಡಿಸುವ ಕಲ್ಲಿನ ಖಣಿ ಇತ್ತು. ಮಧ್ಯಾಹ್ನ ಮದ್ದು ಹಾರಿಸಿದಾಗ ನಮ್ಮ ಅಡುಗೆಮನೆಯ ಡಬ್ಬಿಗಳು ಒಂದಕ್ಕೊಂದು ತಾಗಿ ಗಡಗಡ ಎನ್ನುತ್ತಿದ್ದವು. ರಸ್ತೆಯಿಂದ ಒಳಗೆ, ಗುಡ್ಡದ ಬುಡದಲ್ಲಿ ಹತ್ತು ಖೋಲಿಗಳ ನಮ್ಮ ಚಾಳು. ತಲೆಯ ಮೇಲೆ ಸಿಮೆಂಟಿನ ಪತ್ರಾಗಳ ಸೂರು. ನಮಗೆ ಎರಡು ಖೋಲಿ. ಮುಂದಿನದರಲ್ಲಿ ಕಬ್ಬಿಣದ ಕಾಟು, ಟ್ರಂಕು, ದೇವರ ಗೂಡು. ಹಿಂದಿನದರಲ್ಲಿ ಅವ್ವನ ಸ್ಟೋವ್, ಮೂಲೆಯಲ್ಲಿ ಮೋರಿ; ಪಾತ್ರೆ ತೊಳೆಯುವುದು, ಸ್ನಾನ ಎಲ್ಲವೂ ಮೊಳಕಾಲೆತ್ತರದ ಆ ಕಟ್ಟೆಯೊಳಗೇ. ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದೊಡನೆ ಪಕ್ಕದ ಖೋಲಿಯ ಮರಾಠಿ ಕಾಕು ಗೋಡೆ ಗುದ್ದಿ ತನಗೂ ಒಂದಿರಲಿ ಎನ್ನುತ್ತಿದ್ದಳು. ಜಗಳ ಬಂದಾಗಲೂ ಅದೇ ಗೋಡೆಯನ್ನೇ ಗುದ್ದುತ್ತಿದ್ದಳು. ಚಾಳಿಗೆಲ್ಲ ಒಂದೇ ನಳ. ಬೆಳಗಿನ ಐದಕ್ಕೆ ಬಂದ ನೀರು ಆರಕ್ಕೆ ನಿಲ್ಲುತ್ತಿತ್ತು, ಪಾಳಿ ಹಿಡಿದು ನಿಲ್ಲುವ ಕೆಲಸ ನನ್ನದು. ಆ ಒಂದು ತಾಸಿನ ನೂಕಾಟ, ಬೈಗುಳ, ಕಾಲ ಮೇಲೆ ಬೀಳುವ ಕೊಡ ನೆನೆದರೆ, ಬಾಲ್ಯವೆಂದರೆ ಬಂಗಾರ ಎನ್ನುವವರನ್ನು ಒಂದು ದಿನ ಅಲ್ಲಿ ನಿಲ್ಲಿಸಬೇಕು ಅನಿಸುತ್ತದೆ.

ಅಪ್ಪ ವಿಕ್ರೋಳಿಯ ಒಂದು ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್. ವಿಕ್ರೋಳಿ ಅಂದಕೂಡಲೇ ಎಲ್ಲರ ಬಾಯಿಗೆ ಬರುವ ದೊಡ್ಡ ಕಂಪನಿ ಅಲ್ಲ. ಹಿಂದಿನ ಓಣಿಯಲ್ಲಿದ್ದ, ಹೆಸರು ಹೇಳಿದರೆ ರಿಕ್ಷಾದವನಿಗೂ ಗೊತ್ತಾಗದ ಒಂದು ಕಾರ್ಖಾನೆ. ನೂಲು ಸುತ್ತುವ ಯಂತ್ರಗಳನ್ನು ಮಾಡುತ್ತಿದ್ದರು. ಅಪ್ಪನ ಕೈ ಬಿದ್ದ ಯಂತ್ರ ಹಾಲು ಕುಡಿದ ಕೂಸಿನಂತೆ ಸುಮ್ಮನೆ ನಡೆಯುತ್ತದೆ ಎಂದು ಅವನ ಜೊತೆಯವರು ಹೇಳುತ್ತಿದ್ದರು. ಇಂಗ್ಲಿಷ್ ಮಾತ್ರ ಅವನ ಪಾಲಿಗೆ ಶನಿ. ಮ್ಯಾಟ್ರಿಕ್ಕಿನಲ್ಲಿ ಅದೊಂದರಲ್ಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಅದಕ್ಕೇ ಹಟಕ್ಕೆ ಬಿದ್ದು ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ. ಐದನೆಯ ಇಯತ್ತೆಗೆ ಬರುವ ಹೊತ್ತಿಗೆ ಮನೆಗೆ ಬಂದ ಇಂಗ್ಲಿಷ್ ಕಾಗದವೆಲ್ಲ ನನ್ನ ಕೈಗೇ ಬರುತ್ತಿತ್ತು. ಔಷಧಿಯ ಬಾಟಲಿ, ಲೈಟ್ ಬಿಲ್ಲು, ಕಾರ್ಖಾನೆಯ ಸರ್ಕ್ಯುಲರ್ ಎಲ್ಲ ಓದಿ ಹೇಳುವವಳು ನಾನು. ಅಪ್ಪ ಕೆಲಸದ ನಡುವೆ ಕಿವಿಗೆ ಬಿದ್ದ ಹೊಸ ಶಬ್ದಗಳನ್ನು ಎಡಗೈ ಅಂಗೈಯಲ್ಲಿ ಬಾಲ್‌ಪೆನ್ನಿನಿಂದ ಕನ್ನಡದಲ್ಲಿ ಬರೆದುಕೊಂಡು ಬರುತ್ತಿದ್ದ. ಸಂಜೆ ಚಹಾ ಕುಡಿದು, ಕಾಟಿನ ಮೇಲೆ ನನ್ನನ್ನು ಕೂರಿಸಿ, ತಾನು ಕೆಳಗೆ ಚಾಪೆಯ ಮೇಲೆ ಕುಳಿತು ಕೈ ಮುಂದೆ ಚಾಚುತ್ತಿದ್ದ. ಜ್ಯೋತಿಷಿಯ ಮುಂದೆ ಕುಳಿತಂತೆ ಕುಳಿತಿದ್ದಾನೆ ನೋಡು ಎಂದು ಅವ್ವ ಒಳಗಿನಿಂದ ನಗುತ್ತಿದ್ದಳು. ಎಣ್ಣೆ, ಬೆವರಿಗೆ ಅರ್ಧ ಅಳಿಸಿದ ಅಕ್ಷರಗಳನ್ನು ನಾನು ಕೂಡಿಸಿಕೊಂಡು ಓದಬೇಕು, ಡಿಕ್ಷನರಿ ತೆಗೆದು ಅರ್ಥ ಹೇಳಬೇಕು. ಒಂದು ದಿನ ಟಾಲರನ್ಸ್ ಎಂದು ಬರೆದುಕೊಂಡು ಬಂದಿದ್ದ.

"ಟಾಲರನ್ಸ್ ಅಂದ್ರ ಸಹನೆ, ಅಪ್ಪಾ."

"ಮಶೀನಿನ ಗೇರಿಗೆ ಎಂಥಾ ಸಹನೆ ಯವ್ವಾ! ಎರಡು ಹಲ್ಲಿನ ನಡುವ ಎಷ್ಟ ಸಂದ ಬಿಡಬೇಕ ಅನ್ನೂದಕ್ಕ ಹಂಗಂತಾರ."

ಹಾಗೆ ಹೇಳಿ ತಾನೇ ಸ್ವಲ್ಪ ಹೊತ್ತು ಯೋಚಿಸಿ, "ಹೌದ ನೋಡು, ಅದೂ ಸಹನೆನ ಆತು" ಎಂದ. ಇಬ್ಬರೂ ನಕ್ಕೆವು. ನಮ್ಮ ಮನೆಯ ಸುಖ ಎಂದರೆ ಇಂಥದೇ. ದೊಡ್ಡದೇನೂ ಇರಲಿಲ್ಲ, ಇದ್ದದ್ದನ್ನು ನಾನೇ ಕೈಯಾರೆ ಹಾಳುಮಾಡಿದೆ.

ದೀಪಾವಳಿ ಮುಗಿದು ವಾರವಾಗಿರಬೇಕು. ಅಪ್ಪ ಬಂದವನೇ ಚಹಾಕ್ಕೂ ಕಾಯದೆ ಅಂಗೈ ಬಿಡಿಸಿದ. ಬೇರೆ ಶಬ್ದವೇ ಇಲ್ಲ, ಒಂದೇ ಒಂದು: ಲೂಸರ್ನ್. ಹೊಸ ನಮೂನೆಯ ಯಂತ್ರ ಮಾಡಲು ಅಪ್ಪನ ಕಾರ್ಖಾನೆ ಸ್ವಿಟ್ಜರ್ಲೆಂಡಿನ ಒಂದು ಕಂಪನಿಯ ಜೊತೆ ಕೈಜೋಡಿಸಿತ್ತು. ಆ ಕಂಪನಿ ಇದ್ದದ್ದು ಲೂಸರ್ನಿನಲ್ಲಿ. ಒಬ್ಬ ಫಿಟ್ಟರನನ್ನು ಆರು ತಿಂಗಳು ಅಲ್ಲಿಗೆ ಕಲಿಯಲು ಕಳಿಸುತ್ತಾರೆ, ವಾಪಸು ಬಂದವನನ್ನು ಸೂಪರ್‌ವೈಸರ್ ಮಾಡುತ್ತಾರೆ, ಸೂಪರ್‌ವೈಸರನಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಗುತ್ತದೆ; ಅಲ್ಲಿ ಮನೆಯೊಳಗೇ ನಳ. ಅಪ್ಪನ ಹೆಸರೇ ಮೇಲಿದೆ ಎಂದು ಫೋರ್‌ಮನ್ ಹೇಳಿದ್ದನಂತೆ. ಮುಂದಿನ ಸೋಮವಾರ ಸುಮ್ಮನೆ ಶಾಸ್ತ್ರಕ್ಕೆ ಒಂದು ಇಂಟರ್‌ವ್ಯೂ, ಇಂಗ್ಲಿಷಿನಲ್ಲಿ ನಾಲ್ಕು ಮಾತು, ಲೂಸರ್ನ್ ಬಗ್ಗೆ ಒಂದಿಷ್ಟು ತಿಳಿದುಕೊಂಡು ಬಾ ಎಂದಿದ್ದನಂತೆ.

"ಊರಂದ ಮ್ಯಾಲೆ ಹೆಸರಿಗೆ ಒಂದ ಅರ್ಥ ಇರಬೇಕಲ್ಲವಾ? ಹೂವಿನ ಬಳ್ಳಿಗೆ ಹುಬ್ಬಳ್ಳಿ, ಬಿದಿರಿಗೆ ಬೆಳಗಾವಿ. ಹಂಗ ಲೂಸರ್ನ್ ಅಂದ್ರ ಏನು? ಹುಡಿಕಿ ಹೇಳು."

ನಮ್ಮ ಕಡೆಯವರ ಚಟ ಇದು. ಪರಿಚಯವಾದೊಡನೆ ಯಾವ ಊರು ಎಂದು ಕೇಳುತ್ತಾರೆ, ಊರಿನ ಹೆಸರು ಕೇಳಿದೊಡನೆ ಅದರ ಬೇರು ಅಗೆಯುತ್ತಾರೆ. ನಾನು ಡಿಕ್ಷನರಿ ತೆಗೆದೆ. ಸಿಕ್ಕಿಯೇ ಬಿಟ್ಟಿತು. ಲೂಸರ್ನ್: ಕುದುರೆ, ದನಗಳಿಗೆ ಹಾಕುವ ಒಂದು ಬಗೆಯ ಹಸಿರು ಮೇವು. ಮೇವಿಗೆ ಇಂಗ್ಲಿಷಿನಲ್ಲಿ ಫಾಡರ್. ಅಪ್ಪನಿಗೆ ಖುಷಿಯೋ ಖುಷಿ. ಪೂರಾ ಊರಿಗೆ ಹುಲ್ಲಿನ ಹೆಸರಿಟ್ಟುಕೊಂಡವರು ಒಕ್ಕಲುತನದ ಮಂದಿಯೇ ಇರಬೇಕು, ಅಂಥವರ ನಡುವೆ ತನಗೆ ಹೊಂದಿಕೆಯಾಗುತ್ತದೆ ಎಂದ. ನಾನು ನೋಟ್‌ಬುಕ್ಕಿನ ಹಾಳೆ ಹರಿದು ಎರಡು ವಾಕ್ಯ ಬರೆದುಕೊಟ್ಟೆ. ಅದರ ಕೆಳಗೆ ಅವನಿಗಾಗಿ ಕನ್ನಡ ಅಕ್ಷರಗಳಲ್ಲೂ ಬರೆದೆ. "ದಿ ಮೀನಿಂಗ್ ಆಫ್ ಲೂಸರ್ನ್ ಈಸ್ ಗ್ರೀನ್ ಫಾಡರ್, ಸರ್. ಇಟ್ ಈಸ್ ವೆರಿ ಗುಡ್ ಫಾರ್ ಹಾರ್ಸಸ್ ಆ್ಯಂಡ್ ಕೌಸ್."

"ಗ್ರೀನ್ ಫಾದರ್" ಎಂದ ಅಪ್ಪ.

"ಫಾದರ್ ಅಲ್ಲ ಅಪ್ಪಾ, ಫಾಡರ್. ಫಾದರ್ ಅಂದ್ರ ನೀನು!"

ಆ ವಾರವೆಲ್ಲ ನಮ್ಮ ಮನೆಯಲ್ಲಿ ಫಾಡರ್, ಫಾದರ್ ಎಂಬುದೇ ಭಜನೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತ ಫಾಡರ್, ಮೋರಿಯಲ್ಲಿ ಮೈಮೇಲೆ ನೀರು ಸುರಿದುಕೊಳ್ಳುತ್ತ ಫಾಡರ್. ಅವ್ವನಿಗೆ ಬೇರೆಯದೇ ಚಿಂತೆ. ಆ ಚಳಿಯ ಊರಿನಲ್ಲಿ ಗಂಡ ಏನು ತಿನ್ನಬೇಕು? ಅವಳು ದಿನಾ ಮಧ್ಯಾಹ್ನ ಕುಳಿತು ತೆಳ್ಳಗೆ ರೊಟ್ಟಿ ಬಡಿದು, ಒಣಗಿಸಿ ಖಡಕ್ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ ತಗಡಿನ ಡಬ್ಬಿಗೆ ಇಳಿಸತೊಡಗಿದಳು. ತಿಂಗಳುಗಟ್ಟಲೆ ಇಟ್ಟರೂ ಕೆಡದ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಬೊರಿವಲಿಯಲ್ಲಿದ್ದ ಅವ್ವನ ತಮ್ಮ, ಅರಿವೆ ಅಂಗಡಿಯ ಚನ್ನಪ್ಪ ಮಾಮಾ, ನಡುವೆ ಒಂದು ಸಂಜೆ ಬಂದವನು ಡಬ್ಬಿ ನೋಡಿ ಅಕ್ಕನನ್ನು ಕಾಡಿಸಿದ.

"ಏನಕ್ಕಾ ಇದು, ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಸಿದಂಗ!"

"ನಿನ್ನ ಬಾಯಾಗ ಮಣ್ಣ ಹಾಕ. ಫೋರ್‌ಮನ್ನ ಹೇಳ್ಯಾನ. ಈ ಮನಿ ಒಳಗ ಒಂದರೆ ಛಲೋ ಮಾತ ಆಡೋ!"

ಅವ್ವ ನಿಜಕ್ಕೂ ಸಿಟ್ಟಾಗಿದ್ದಳು. ಅವಳಿಗೆ ಸ್ವಿಟ್ಜರ್ಲೆಂಡೂ ಬೇಡ, ಸೂಪರ್‌ವೈಸರ್‌ಗಿರಿಯೂ ಬೇಡ. ಮನೆಯೊಳಗೆ ನಳ ಬೇಕಿತ್ತು. ಹೊಟ್ಟೆಯಲ್ಲಿ ಎರಡನೆಯ ಕೂಸಿದ್ದಾಗ ತುಂಬಿದ ಕೊಡ ಎತ್ತಿಕೊಂಡು ನಳದ ಹತ್ತಿರ ಜಾರಿ ಬಿದ್ದವಳು ಅವಳು. ಆ ಕೂಸು ಉಳಿಯಲಿಲ್ಲ. ಆ ಮಾತನ್ನು ಯಾರೂ ಆಡುತ್ತಿರಲಿಲ್ಲ, ಆದರೆ ಪಾಳಿಗೆ ನನ್ನನ್ನು ಕಳಿಸತೊಡಗಿದ್ದು ಅಂದಿನಿಂದಲೇ. ಆ ವಾರ ಮಾತ್ರ ನನಗೂ ನೀರಿನ ಪಾಳಿ ಮಾಫಿಯಾಗಿತ್ತು. ಅಪ್ಪನೇ ಎದ್ದು ಹೋಗುತ್ತಿದ್ದ. "ನಮ್ಮ ಮಾಸ್ತರಬಾಯಿ ಮಲಗಲಿ" ಎನ್ನುತ್ತಿದ್ದ. ಬಿಸಿರೊಟ್ಟಿಯ ಮೇಲೆ ಬೆಣ್ಣೆ ಮೊದಲು ನನಗೆ. ಕಾಕುವಿಗೂ ಸುದ್ದಿ ಮುಟ್ಟಿತ್ತು. ಲೂಸರ್ನ್ ಎಂಬುದು ಅವಳ ಕಿವಿಗೆ ಲಸೂಣ್ ಎಂದು ಬಿದ್ದು, ಬೆಳ್ಳುಳ್ಳಿಯ ಊರೂ ಇರುತ್ತದೆಯೇ ಎಂದು ಚಾಳಿನಲ್ಲೆಲ್ಲ ಕೇಳಿಕೊಂಡು ಬಂದಳು. ನಾನು ದೊಡ್ಡ ಪಂಡಿತೆಯ ಹಾಗೆ ಅವಳಿಗೆ ಅರ್ಥ ಬಿಡಿಸಿ ಹೇಳಿದೆ. ಮೇವು ಅಂದಕೂಡಲೇ ಅವಳ ಮುಖ ಅರಳಿತು. ಅಯ್ಯೋ, ಲಸೂಣ್ ಘಾಸ್! ತಬೇಲೆಯವರು ಎಮ್ಮೆಗಳಿಗೆ ಹಾಕುತ್ತಾರಲ್ಲ, ಅದೇ ತಾನೆ, ಎಂದಳು. ನೋಡಿ, ಮರಾಠಿಯೂ ನನಗೆ ಸಾಕ್ಷಿ ಹೇಳಿತು.

ಶುಕ್ರವಾರ ಶಾಲೆಯಲ್ಲಿ ಭೂಗೋಳದ ತಾಸು ಮುಗಿದ ಮೇಲೆ ನಾನು ಟೀಚರ್ ಹತ್ತಿರ ಹೋದೆ. ಕೇಳುವುದಕ್ಕಲ್ಲ, ಕೊಚ್ಚಿಕೊಳ್ಳುವುದಕ್ಕೆ. ನಮ್ಮಪ್ಪ ಲೂಸರ್ನಿಗೆ ಹೋಗುತ್ತಾನೆ, ಲೂಸರ್ನ್ ಅಂದರೆ ಹಸಿರು ಮೇವು ಎಂದೆ. ಆಕೆ ಒಳ್ಳೆಯ ಹೆಂಗಸು, ನಗಲಿಲ್ಲ. ಅಟ್ಲಾಸ್ ಬಿಡಿಸಿ ಒಂದು ನೀಲಿ ಮಚ್ಚೆಯ ಪಕ್ಕ ಬೆರಳಿಟ್ಟಳು. ಇದು ಸರೋವರ, ಇದು ಊರು. ಊರಿಗೂ ಹುಲ್ಲಿಗೂ ಸಂಬಂಧವೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸ್ಪೆಲ್ಲಿಂಗ್ ಬಂದುಬಿಟ್ಟಿದೆ, ಅಷ್ಟೆ. ಊರಾದರೆ ಮೊದಲ ಅಕ್ಷರ ದೊಡ್ಡದು, ಹುಲ್ಲಾದರೆ ಚಿಕ್ಕದು. ಊರಿನ ಹೆಸರು ದೀಪದಿಂದ ಬಂತು ಎಂದು ಕೆಲವರು, ಜೌಗು ನೆಲದಿಂದ ಬಂತು ಎಂದು ಕೆಲವರು ಹೇಳುತ್ತಾರೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದಳು. ಕೊನೆಗೆ ಒಂದು ಮಾತು ಸೇರಿಸಿದಳು: "ನಿಮ್ಮ ಅಪ್ಪನಿಗೆ ಹೇಳು, ಅಲ್ಲಿಯವರ ಎದುರಿಗೆ ಹುಲ್ಲಿನ ಮಾತು ಎತ್ತಬಾರದು. ಅವಮಾನ ಅಂದುಕೊಂಡಾರು."

ಶುಕ್ರವಾರ ಸಂಜೆ ಹೇಳಬೇಕೆಂದೇ ಮನೆಗೆ ಬಂದೆ. ಅಪ್ಪ ಓವರ್‌ಟೈಮಿನಲ್ಲಿದ್ದ. ಶನಿವಾರ ಅಪ್ಪನ ಹೊಸ ಪ್ಯಾಂಟು ತರಲು ಎಲ್ಲರೂ ಘಾಟ್‌ಕೋಪರಿಗೆ ಹೋದೆವು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಪ್ಪ ನನ್ನ ಕಿವಿಯಲ್ಲಿ ಫಾಡರ್, ಫಾಡರ್ ಎಂದು ಪಿಸುಗುಟ್ಟುತ್ತಿದ್ದ. ಈಗ ಶಬ್ದ ಸರಿಯಾಗಿ ಬರುತ್ತಿತ್ತು. ಭಾನುವಾರ ಚನ್ನಪ್ಪ ಮಾಮಾ ಊಟಕ್ಕೆ ಬಂದ. ಅವ್ವ ಹೋಳಿಗೆ ಮಾಡಿದ್ದಳು. ಉಂಡಾದ ಮೇಲೆ ಅಪ್ಪ ಹೊಸ ಪ್ಯಾಂಟು ಹಾಕಿಕೊಂಡು, ಬಾಗಿಲ ಹತ್ತಿರ ನೆಟ್ಟಗೆ ನಿಂತು, ಮಾಮಾನನ್ನೇ ಸಾಹೇಬ ಎಂದುಕೊಂಡು ಎರಡೂ ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದ. ಮಾಮಾ ತೊಡೆ ತಟ್ಟಿದ.

"ಏ ಭಾವಾ, ಇದು ನಮ್ಮ ಕುದುರಿ ಮೆಂತೆರೀ! ಧಾರವಾಡದಾಗ ಟಾಂಗಾದ ಕುದುರಿಗೆ ಹಾಕ್ತಿದ್ರಲ್ಲ, ಅದ. ಇದನ್ನೆಲ್ಲಾ ಎಲ್ಲೆ ತಿಳಕೊಂಡ್ರಿ?"

"ನಾ ಎಲ್ಲೆ ತಿಳಕೊಳ್ಳಲಿ? ಈಕಿ ಹೇಳಿಕೊಟ್ಟಾಳ. ಕಾರ್ಖಾನಿ ಒಳಗ ಗ್ರಾಜುಯೇಟ್ ಮಂದಿ ಅದಾರ, ಒಬ್ಬರಿಗೂ ಈ ಅರ್ಥ ಗೊತ್ತಿಲ್ಲ. ನನ್ನ ಮಗಳಿಗೆ ಗೊತ್ತೈತಿ."

ಹೀಗೆಂದು ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಹೇಳಬೇಕಾದದ್ದು ಆಗಲೇ. ಬಾಯಿಗೆ ಬಂದಿತ್ತು ಕೂಡ. ಆದರೆ ಮಾಮಾ ನನ್ನನ್ನೇ ನೋಡುತ್ತಿದ್ದ, ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೆ ತಪ್ಪಾಯಿತು, ಅರ್ಥ ಅದಲ್ಲ ಎಂದರೆ ಆ ಕೈ ನನ್ನ ತಲೆಯಿಂದ ಇಳಿಯುತ್ತದೆ ಎನಿಸಿತು. ಹೆದರಿಕೆ ಎಂದು ಹೇಳಿ ಪಾರಾಗುವ ಆಸೆ ನನಗೂ ಇದೆ, ಆದರೆ ಅದು ಹೆದರಿಕೆಯಲ್ಲ, ಬರೀ ಜಂಭ. ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಹೇಳದಿದ್ದರೂ ಏನಾಗುತ್ತದೆ, ಅವರೇನು ಹೆಸರಿನ ಅರ್ಥ ಕೇಳುತ್ತಾರೆಯೇ, ಎಂದೂ ಅಂದುಕೊಂಡೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡು ತಿಂದೆ. ಸೋಮವಾರ ನಾನು ಎದ್ದಾಗ ಅಪ್ಪ ನೀರು ತುಂಬಿಟ್ಟು, ದೇವರಿಗೆ ಕೈಮುಗಿದು, ಮೊದಲ ಬಸ್ಸಿಗೇ ಹೊರಟುಹೋಗಿದ್ದ.

ಅಂದು ಅಪ್ಪ ಮಧ್ಯಾಹ್ನವೇ ಮನೆಗೆ ಬಂದ. ನಾನು ಶಾಲೆಯಿಂದ ಬಂದಾಗ ಹೊಸ ಪ್ಯಾಂಟಿನಲ್ಲೇ ಕಾಟಿನ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ. ಆದದ್ದು ಇಷ್ಟು. ಕೋಣೆಯಲ್ಲಿ ಮೂವರು ಸಾಹೇಬರಿದ್ದರು, ಅವರಲ್ಲೊಬ್ಬ ಲೂಸರ್ನಿನಿಂದಲೇ ಬಂದ ಬಿಳಿಯ. ಕೆಲಸದ ಪ್ರಶ್ನೆಗಳೆಲ್ಲ ಚೆನ್ನಾಗಿ ಆದವು; ಆ ಬಿಳಿಯ ಸಾಹೇಬ ಅಪ್ಪ ಕೂರಿಸಿದ ಗೇರುಗಳನ್ನು ಆಗಲೇ ನೋಡಿ ಮೆಚ್ಚಿಕೊಂಡಿದ್ದನಂತೆ. ಕೊನೆಗೆ, ನಮ್ಮೂರಿನ ಬಗ್ಗೆ ನಿನಗೇನು ಗೊತ್ತು ಎಂದು ಅವನೇ ನಗುನಗುತ್ತ ಕೇಳಿದ. ಅಪ್ಪ ನೆಟ್ಟಗೆ ನಿಂತು ಹೇಳಿದ. ಫಾಡರ್ ಎಂಬುದನ್ನು ಸರಿಯಾಗಿಯೇ ಹೇಳಿದ. ಬಿಳಿಯನಿಗೆ ಅರ್ಥವಾಗದೆ ಪಕ್ಕದ ಮ್ಯಾನೇಜರನ ಮುಖ ನೋಡಿದ. ಅಪ್ಪ, ತನ್ನ ಉಚ್ಚಾರ ತಿಳಿಯಲಿಲ್ಲವೇನೋ ಎಂದು, ಇನ್ನೊಮ್ಮೆ ಜೋರಾಗಿ ಹೇಳಿದ. ಹಾರ್ಸಸ್ ಆ್ಯಂಡ್ ಕೌಸ್. ಮೂರನೆಯವನು ಕರ್ಚೀಫು ಬಾಯಿಗೆ ಒತ್ತಿಕೊಂಡ. ಮ್ಯಾನೇಜರ್ ಕೆಂಪಾಗಿ, ಬಿಳಿಯನಿಗೆ ಕ್ಷಮೆ ಕೇಳಿ, ಅಪ್ಪನಿಗೆ ಹಿಂದಿಯಲ್ಲಿ ಹೊರಗೆ ಹೋಗು ಎಂದ. ಬಾಗಿಲು ಮುಚ್ಚುವ ಮುಂಚೆಯೇ ಒಳಗೆ ನಗು ಕೇಳಿತಂತೆ.

"ಕೂಸಿನ ಮಾತ ಕೇಳಿ ಹೋದ್ರಲ್ಲಾ ನೀವು! ಯಾರರೆ ದೊಡ್ಡವರನ್ನ ಕೇಳಲಿಕ್ಕೆ ಆಗ್ತಿರಲಿಲ್ಲೇನು?" ಎಂದು ಅವ್ವ ಹಣೆ ಚಚ್ಚಿಕೊಂಡಳು.

ಅಪ್ಪ ಗೋಡೆಯ ಕಡೆಯಿಂದಲೇ ಅಂದ: "ಕೂಸಿಗೆ ಒಂದ ಮಾತ ಅಂದಿ ಅಂದ್ರ ನೋಡು ಮತ್ತ. ಬುಕ್ಕಿನಾಗ ಇದ್ದದ್ದ ಹೇಳೇತಿ ಅದು. ಅದಕ್ಕೇನ ಗೊತ್ತು?"

ನಾನು ಮೋರಿಯ ಕಟ್ಟೆಯ ಮೇಲೆ ಕುಳಿತು ಅತ್ತೆ. ಪಾಪ, ಅಪ್ಪನಿಗಾಗಿ ಅಳುತ್ತಿದ್ದಾಳೆ ಎಂದು ಅವ್ವನೇ ಬಂದು ಸಮಾಧಾನ ಮಾಡಿದಳು. ಆಗಲೂ ನಾನು ಹೇಳಲಿಲ್ಲ.

ಒಬ್ಬ ಗ್ರಾಜುಯೇಟ್ ಹುಡುಗ ಲೂಸರ್ನಿಗೆ ಹೋದ. ಅವನ ಹೆಸರು ಮೊದಲೇ ನಿಕ್ಕಿಯಾಗಿತ್ತು, ಇಂಟರ್‌ವ್ಯೂ ಬರೀ ನಾಟಕ ಎಂದು ಮಾಮಾ ಅಂದ. ಇದ್ದರೂ ಇರಬಹುದು, ಅದನ್ನು ಹಿಡಿದುಕೊಂಡು ಎಷ್ಟೋ ವರ್ಷ ನಾನು ನಿದ್ದೆ ಮಾಡಿದ್ದೇನೆ. ಅವ್ವ ಬಡಿದಿಟ್ಟ ಖಡಕ್ ರೊಟ್ಟಿಗಳನ್ನು ನಾವೇ ತಿಂದು ಮುಗಿಸಿದೆವು. ಬಿಸಿರೊಟ್ಟಿ ಮಾಡುವುದನ್ನು ನಿಲ್ಲಿಸಿ, ದಿನಾ ಅದೇ ರೊಟ್ಟಿ ಮುರಿದು ತಾಟಿಗೆ ಹಾಕುತ್ತಿದ್ದಳು. ಮೂವರೂ ಕಟಕಟ ಕಡಿಯುವ ಸದ್ದು ಮಾತ್ರ. ಡಬ್ಬಿ ಖಾಲಿಯಾಗುವ ಹೊತ್ತಿಗೆ ಎಳ್ಳಮಾವಾಸ್ಯೆ ಬಂದಿತ್ತು. ನಳದ ಪಾಳಿ ಮತ್ತೆ ನನಗೇ ಬಂತು. ಕಾರ್ಖಾನೆಯಲ್ಲಿ ಅಪ್ಪನಿಗೆ ಘಾಸ್, ಹುಲ್ಲು, ಎಂದು ಹೆಸರು ಬಿತ್ತು. ಯಾರೋ ತಬೇಲೆಯಿಂದ ಒಂದು ಸಿವುಡು ಲಸೂಣ್ ಘಾಸ್ ತಂದು ಕಬ್ಬಿಣ ಬಿಗಿಹಿಡಿಸುವ ಅವನ ವೈಸಿನ ಮೇಲೆ ಇಟ್ಟಿದ್ದರಂತೆ. ಇಂಥವೆಲ್ಲ ಚಾಳಿಗೆ ತಾನಾಗಿ ತಲುಪುತ್ತವೆ. ಕಾಕುವಿನ ಗಂಡ ಒಮ್ಮೆ ನಳದ ಹತ್ತಿರ, "ಕ್ಯಾ ಘಾಸ್‌ವಾಲೇ" ಎಂದಾಗ ಅಪ್ಪ ಕೊಡ ಅಲ್ಲೇ ಬಿಟ್ಟು ಬಂದ. ಹೊಸ ಯಂತ್ರ ಬಂದಾಗ ಅದರ ಹತ್ತಿರ ಅವನನ್ನು ಬಿಡಲಿಲ್ಲ. ಪ್ಯಾಕಿಂಗಿಗೆ ಹಾಕಿದರು. ಗೇರಿನ ಸಂದನ್ನು ಬೆರಳಿನಿಂದಲೇ ಅಳೆಯುತ್ತಿದ್ದವನು ಕಟ್ಟಿಗೆಯ ಪೆಟ್ಟಿಗೆಗೆ ಮೊಳೆ ಹೊಡೆಯತೊಡಗಿದ. ನಾವು ಚಾಳು ಬಿಡಲಿಲ್ಲ. ಅವ್ವನ ಮೊಳಕಾಲು ಹೋಯಿತು, ಕುಳಿತಲ್ಲಿಂದ ಏಳುವಾಗ ಪ್ರತಿ ಸಲ ನರಳುತ್ತಿದ್ದಳು.

ಇಷ್ಟಾದರೂ ಅಪ್ಪ ನನ್ನ ಮುಂದೆ ಕೈ ಚಾಚುವುದನ್ನು ಬಿಡಲಿಲ್ಲ. ಅದೇ ನನ್ನನ್ನು ಕೊಂದದ್ದು. ವಾರಕ್ಕೊಮ್ಮೆಯೋ ಎರಡು ಸಲವೋ ಪ್ಯಾಕಿಂಗಿನ ಶಬ್ದಗಳನ್ನು ಬರೆದುಕೊಂಡು ಬರುತ್ತಿದ್ದ. ಫ್ರ್ಯಾಜೈಲ್. ಕನ್‌ಸೈನೀ. ಒಡೆಯುವಂಥದು, ಮಾಲು ಪಡೆಯುವವನು ಎಂದು ಅರ್ಥ ಹೇಳಿದರೆ ತಲೆಯಾಡಿಸುತ್ತಿದ್ದ. ನಾನು ಈಗ ಒಂದೊಂದು ಶಬ್ದವನ್ನೂ ಮೂರು ಕಡೆ ನೋಡಿ ಹೇಳುತ್ತಿದ್ದೆ. "ಅಷ್ಟ್ಯಾಕ ನೋಡ್ತಿ, ನೀ ಹೇಳಿದ್ದ ನನಗ ಸಾಕು" ಎನ್ನುತ್ತಿದ್ದ. ಅವನು ಒಂದು ಸಲವಾದರೂ ನನ್ನ ಮೇಲೆ ಸಿಟ್ಟಾಗಲಿ, ಎರಡು ಏಟು ಹಾಕಲಿ ಎಂದು ನಾನು ದೇವರ ಗೂಡಿನ ಮುಂದೆ ನಿಂತು ಬೇಡಿಕೊಂಡಿದ್ದುಂಟು.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಆ ಕಾರ್ಖಾನೆ ಬಾಗಿಲು ಹಾಕಿತು. ಅದಾಗಿ ಕೆಲವು ವಾರಗಳಿಗೆ, ಒಂದು ಮಧ್ಯಾಹ್ನ, ಅಪ್ಪನ ಹಳೆಯ ಜೊತೆಗಾರ ಸಾವಂತ್ ಕಾಕಾ ಮನೆಗೆ ಬಂದ. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವನು, ಭಾಂಡುಪಿನಲ್ಲಿ ಮನೆ. ಕಾರ್ಖಾನೆಯ ಹಳೆಯ ಮಾತುಗಳೆಲ್ಲ ಬಂದವು. ಎಲ್ಲ ಮುಗಿದುಹೋದದ್ದರಿಂದ ಈಗ ಯಾವುದನ್ನೂ ನಗುತ್ತ ಹೇಳಬಹುದು ಎಂದು ಅವನಿಗೆ ಅನಿಸಿರಬೇಕು. ನನ್ನ ಕಡೆ ತಿರುಗಿ ತನ್ನ ಮುಂಬಯಿ ಹಿಂದಿಯಲ್ಲಿ ಹೇಳತೊಡಗಿದ. ಇಂಟರ್‌ವ್ಯೂದ ದಿನ ಬೆಳಿಗ್ಗೆ ಗೇಟಿನ ಹತ್ತಿರ ಅಪ್ಪ ಅವನಿಗೂ ಆ ಎರಡು ವಾಕ್ಯ ಹೇಳಿ ತೋರಿಸಿದ್ದನಂತೆ. ಅಲ್ಲಿಂದ ಬರುವ ಪೆಟ್ಟಿಗೆಗಳ ಮೇಲೆ ಸರೋವರದ ಚಿತ್ರವಿರುತ್ತಿದ್ದುದರಿಂದ ಸಾವಂತ್ ಕಾಕಾನಿಗೆ ಸಂಶಯ ಬಂದಿತ್ತು.

"ಮೈನೇ ಬೋಲಾ, ಅರೇ ಶಿವಪ್ಪಾ, ಘಾಸ್ ವಾಸ್ ಛೋಡ್. ಬಡಾ ತಲಾವ್ ಹೈ, ಸುಂದರ್ ಶಹರ್ ಹೈ, ಇತನಾ ಹೀ ಬೋಲ್. ತೋ ಮಾಲೂಮ್ ಕ್ಯಾ ಬೋಲಾ? ಮೇರೀ ಬೇಟೀ ನೇ ಬತಾಯಾ ಹೈ, ವೋ ಗಲತ್ ನಹೀಂ ಬತಾತೀ!"

ಹುಲ್ಲಿನ ಮಾತು ಬಿಟ್ಟು ಕೆರೆ, ಚಂದದ ಊರು ಎಂದಷ್ಟೇ ಹೇಳು ಅಂದರೆ ಅಪ್ಪ ಕೇಳಲಿಲ್ಲವಂತೆ. ನನ್ನ ಮಗಳು ಹೇಳಿದ್ದಾಳೆ, ಅವಳು ತಪ್ಪು ಹೇಳುವುದಿಲ್ಲ ಅಂದನಂತೆ. ಸಾವಂತ್ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನೂ ನಕ್ಕ. ಅವನು ಆ ಮಾತಿಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋಗಿ ಮೋರಿಯಲ್ಲಿ ತೊಳೆದಿಟ್ಟೆ. ಸಾವಂತ್ ಕಾಕಾ ಹೋದ ಮೇಲೆ ಮುಂದಿನ ಖೋಲಿಗೆ ಬಂದೆ. ಅವ್ವ ಕಾಕುವಿನ ಮನೆಯಲ್ಲಿದ್ದಳು. ಅಪ್ಪ ಕಾಟಿನ ಮೇಲಿದ್ದ, ಮುಖದಲ್ಲಿ ಇನ್ನೂ ಆ ನಗು ಉಳಿದಿತ್ತು. ಇಂಥ ಹೊತ್ತು ಮತ್ತೆ ಸಿಗಲಾರದು, ಈಗ ಹೇಳಿದರೆ ಇಬ್ಬರೂ ಹಗುರಾಗುತ್ತೇವೆ ಎಂದುಕೊಂಡೆ. ನೋಡಿ, ಆಗಲೂ ನನಗೆ ನನ್ನ ಹಗುರವೇ ಮುಖ್ಯವಾಗಿತ್ತು. ಕೆಳಗೆ ಚಾಪೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಶುಕ್ರವಾರ ಟೀಚರ್ ಅಟ್ಲಾಸ್ ತೆಗೆದದ್ದು, ಹುಲ್ಲಿನ ಮಾತು ಎತ್ತಬೇಡ ಎಂದದ್ದು, ಭಾನುವಾರ ಹೋಳಿಗೆ ತಿನ್ನುತ್ತ ಸುಮ್ಮನಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಅಪ್ಪ ತನ್ನ ಎಡಗೈ ಅಂಗೈಯನ್ನು ನೋಡಿಕೊಂಡ.

"ಇದನ್ನ ಈಗ್ಯಾಕ ಹೇಳಿದಿ?" ಎಂದ.

ಆಮೇಲೆ ಅವನೇ ಮುಂದುವರಿಸಿದ.

"ಅವತ್ತ ಎಲ್ಲಾರೂ ನಕ್ರು. ನಗಲಿ ಬಿಡು ಅಂದೆ. ನಾವಿಬ್ಬರೂ ಕೂಡೇ ತಪ್ಪೀವಿ, ನಾನೂ ನನ್ನ ಮಗಳೂ, ಅಂತ ತಿಳಕೊಂಡಿದ್ದೆ. ಆ ಖೋಲಿ ಒಳಗ ನಾ ಒಬ್ಬನ ನಿಂತಿದ್ದೆ ಅನ್ನೂದು ನನಗ ಗೊತ್ತಿರಲಿಲ್ಲ."

ಅಷ್ಟು ಹೇಳಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬೈಯಲಿಲ್ಲ, ನನ್ನೊಡನೆ ಮಾತು ಬಿಡಲೂ ಇಲ್ಲ. ಉಂಡೆಯಾ, ಬಸ್ಸು ಸಿಕ್ಕಿತಾ ಎಂದು ಕೇಳುತ್ತಿದ್ದ, ನನ್ನ ಮದುವೆಯಲ್ಲಿ ಎಲ್ಲರ ಮುಂದೆ ಓಡಾಡಿದ. ಇನ್ನೂ ಹನ್ನೊಂದು ವರ್ಷ ಬದುಕಿದ. ಮುಚ್ಚಿದ ಕಾರ್ಖಾನೆಯಿಂದ, ಕೋರ್ಟಿನಿಂದ, ಆಮೇಲೆ ಆಸ್ಪತ್ರೆಯಿಂದ ಬಂದ ಇಂಗ್ಲಿಷ್ ಕಾಗದಗಳನ್ನೆಲ್ಲ ಮಡಿಚಿ ಕಿಸೆಯಲ್ಲಿಟ್ಟುಕೊಂಡು, ನಾನು ಅಲ್ಲೇ ಕುಳಿತಿದ್ದರೂ, ಎರಡು ಬಸ್ಸು ಬದಲಿಸಿ ಭಾಂಡುಪಿಗೆ ಹೋಗಿ ಸಾವಂತ್ ಕಾಕಾನ ಕೈಯಲ್ಲಿ ಓದಿಸಿಕೊಂಡು ಬರುತ್ತಿದ್ದ.